ಬಾನುಲಿಯಲ್ಲಿ ಉತ್ತರಿಸಬೇಕಾದವರು ಯಾರು?

ರಂಗಂಪೇಟೆಯ ಹಿರಿಯರಲ್ಲಿ ಕಲಬುರಗಿ ಆಕಾಶವಾಣಿಗೆ ಇಂದಿಗೂ ಕಿವಿಗೊಡುವವರು ಇದ್ದಾರೆ. ಆಡಳಿತದ ಕುರಿತ ನೇರ ಫೋನ್ ಸಂವಾದವಿದ್ದಾಗ ನಾವೂ ಆಲಿಸುತ್ತೇವೆ. ಊರಿಗೆ ನಲ್ಲಿ ಬಂದಿದೆ, ನೀರು ಬಂದಿಲ್ಲ ಎಂದು ಕೇಳುಗರೊಬ್ಬರು ದೂರುತ್ತಾರೆ. ಪ್ರಸ್ತಾವನೆ ಕಳುಹಿಸಲಾಗಿದೆ ಎಂದು ಅಧಿಕಾರಿಗಳು ವಿನಯದಿಂದಲೇ ಉತ್ತರಿಸುತ್ತಾರೆ. ಆ ವಿನಯದ ಬಗ್ಗೆ ನಮ್ಮ ಆಕ್ಷೇಪವಿಲ್ಲ. ಆದರೆ ಅಧಿಕಾರಿಗಳು ನಾಳೆ ವರ್ಗವಾಗಿ ಹೋಗುವವರು. ಮತ್ತೆ ಮತ ಕೇಳಲು ಅದೇ ಊರಿಗೆ ಬರಬೇಕಾದ ಜಿಲ್ಲಾ ಪಂಚಾಯಿತಿ ಸದಸ್ಯರ ದನಿ ಅಲ್ಲಿ ಕೇಳಿಬರುವುದಿಲ್ಲ.

ಕಾರಣ ಸರಳ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಆಳ್ವಿಕೆಯೇ ನಡೆಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ನೆಪಗಳು ಸಾಲುಗಟ್ಟಿದವು. ಪುನರ್ವಿಂಗಡಣೆಯ ಹೆಸರಿನಲ್ಲಿ ಸ್ಥಳೀಯ ಚುನಾವಣೆಗಳನ್ನು ಮುಂದೂಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಈ ವಿಳಂಬದಲ್ಲಿ ಒಂದೇ ಪಕ್ಷದ ಪಾಲಿಲ್ಲ. ಅಧಿಕಾರ ಕೈಬದಲಾದರೂ ಚುನಾವಣೆ ಬರಲಿಲ್ಲ.

ಇದು ವಿಷಾದನೀಯವೆನಿಸಲು ಇನ್ನೊಂದು ಕಾರಣವಿದೆ. ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೆ ದಾರಿ ತೋರಿದ್ದು ಇದೇ ಕರ್ನಾಟಕ. 73ನೆಯ ತಿದ್ದುಪಡಿಗೂ ಮೊದಲೇ, 1987ರಲ್ಲಿ, ಇಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಿತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು. ಅದರ ರೂವಾರಿ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಯ ಜನ ‘ನೀರ್ ಸಾಬ್’ ಎಂದು ಕರೆದದ್ದು ಕೊಳವೆಬಾವಿಗಳ ಕಾರಣಕ್ಕೆ.

ನೀರಿನ ಮಾತು ನಮ್ಮ ಭಾಗಕ್ಕೆ ಸಣ್ಣದಲ್ಲ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನೂ ಅದರಿಂದ ಜನರ ಚರ್ಮಕ್ಕಾದ ಬಾಧೆಯನ್ನೂ ಸಂಶೋಧಕರು ದಾಖಲಿಸಿದ್ದಾರೆ. ರಂಗಂಪೇಟೆಯವರಾದ ನಾವು ಸುರಪುರ ನಗರಸಭೆಯ ವ್ಯಾಪ್ತಿಯವರು. ನಮ್ಮ ನೀರಿಗೆ ವಾರ್ಡಿನ ಸದಸ್ಯರನ್ನು ಕೇಳಬಹುದು. ತಾಂಡಾದವರ ಕುಡಿಯುವ ನೀರಿನ ಯೋಜನೆ ಜಿಲ್ಲಾ ಪಂಚಾಯಿತಿಯ ಕೈಯಲ್ಲಿದೆ. ಅಲ್ಲಿ ಅವರ ಪರವಾಗಿ ಎದ್ದು ನಿಂತು, ಮಾಡಿದ್ದೇನು ಎಂದು ಲೆಕ್ಕ ಕೇಳುವ ಸದಸ್ಯರೇ ಇಲ್ಲದಿದ್ದರೆ ಉಳಿಯುವುದು ಅರ್ಜಿ ಮಾತ್ರ.

ಶಾಸಕರಿದ್ದಾರಲ್ಲ ಎನ್ನುವವರಿದ್ದಾರೆ. ಇದ್ದಾರೆ, ನಿಜ. ಆದರೆ ನೂರಾರು ಊರು, ದೊಡ್ಡಿ, ತಾಂಡಾಗಳ ಭಾರ ಹೊತ್ತ ಒಬ್ಬರೇ ಶಾಸಕರು ಪ್ರತಿ ಕೊಳವೆಬಾವಿಯ ಹೊಣೆಯನ್ನು ಹೊರಲಾರರು. ಮೇಲಾಗಿ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಚುನಾವಣೆ ನಿಂತದ್ದರಿಂದ, ಕೊಡ ಹೊತ್ತು ನಡೆಯುವವರಿಗೇ ಆ ಎರಡು ಸಭೆಗಳ ಬಾಗಿಲು ಮುಚ್ಚಿದಂತಾಯಿತು. ಇದನ್ನು ಯಾವ ಚರ್ಚೆಯಲ್ಲಿಯೂ ಯಾರೂ ಎತ್ತದಿರುವುದು ನಮಗೆ ಸೋಜಿಗ.

ಮುಂದಿನ ಸಂವಾದಕ್ಕೆ ಕರೆ ಮಾಡುವ ಸದ್ಭಕ್ತರಲ್ಲಿ ನಮ್ಮದೊಂದು ಅರಿಕೆ. ನಲ್ಲಿಯ ಪ್ರಶ್ನೆಯನ್ನು ಕೇಳಿರಿ. ಅದರ ಬೆನ್ನಿಗೇ, ನಮ್ಮ ಕ್ಷೇತ್ರದ ಸದಸ್ಯರನ್ನು ನಾವು ಆರಿಸುವುದು ಯಾವಾಗ ಎಂಬುದನ್ನೂ ಕೇಳಿರಿ.