ಕರ್ತೃ ಕಾಣೆಯಾದ ಕೂದಲು

ಹೈದರಾಬಾದಿನ ಅಮೀರ್‌ಪೇಟೆಯಿಂದ ಕೂಕಟ್‌ಪಲ್ಲಿಯವರೆಗೆ ಕೂದಲಿನ ಜಾಹೀರಾತುಗಳನ್ನೇ ಓದುತ್ತಾ ಹೋದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಭಾಷೆ ತೆಲುಗಾಗಲಿ ಇಂಗ್ಲಿಷಾಗಲಿ, ವಾಕ್ಯದ ಸ್ವಭಾವ ಒಂದೇ. ಕೂದಲು ಬರುತ್ತದೆ, ಕೂದಲು ಬೆಳೆಯುತ್ತದೆ, ಕೂದಲು ಮರಳುತ್ತದೆ. ವ್ಯಾಕರಣದ ಪ್ರಕಾರ ಇಲ್ಲಿ ಕೂದಲೇ ಕರ್ತೃ. ತಲೆಗೆ ಸೂಜಿ ಚುಚ್ಚುವ, ಚರ್ಮ ಕೊರೆಯುವ, ಹಣ ಎಣಿಸಿಕೊಳ್ಳುವ ಮನುಷ್ಯ ಮಾತ್ರ ವಾಕ್ಯದೊಳಗೆ ಎಲ್ಲೂ ಇಲ್ಲ.

ತೆಲುಗಿನಲ್ಲಿ ತಲೆಗೂದಲಿಗೆಲ್ಲ ಜುಟ್ಟು ಎಂದೇ ಹೆಸರು. ಕನ್ನಡದಲ್ಲಿ ಆ ಪದ ಹಿಂದಲೆಯ ಒಂದು ಗಂಟಿಗೆ ಇಳಿದಿದೆ, ಜೊತೆಗೆ ಇನ್ನೊಂದು ಅರ್ಥವನ್ನೂ ಪಡೆದಿದೆ: ಯಾರದ್ದಾದರೂ ಜುಟ್ಟು ನಮ್ಮ ಕೈಯಲ್ಲಿದ್ದರೆ ಅವರು ನಾವು ಎಳೆದ ಕಡೆ ಬರುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮದುವೆಯ ಮಾತು ಶುರುವಾಗುವ ಹೊತ್ತಿಗೆ ನೆತ್ತಿ ಕಾಣಿಸತೊಡಗಿದವರು ರೈಲು ಹತ್ತಿ ಇಲ್ಲಿಗೆ ಬಂದು ಜುಟ್ಟು ಕೊಡುವುದು ಎರಡೂ ಅರ್ಥದಲ್ಲಿ.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದು ಅವರನ್ನು ಆಡಿಕೊಳ್ಳುವುದು ಸುಲಭ. ಆದರೆ ಇದು ಬರೀ ಶೋಕಿಯಲ್ಲ. ಫೋಟೊ ನೋಡಿಯೇ ವರನನ್ನು ಬೇಡ ಎನ್ನುವ, ಇಪ್ಪತ್ತಾರರ ಹುಡುಗನನ್ನು ಬಸ್ಸಿನಲ್ಲಿ ‘ಅಂಕಲ್’ ಎನ್ನುವ ಸಮಾಜದಲ್ಲಿ ಅವನು ಪರಿಹಾರ ಹುಡುಕಿದರೆ ತಪ್ಪೇನು? ತಪ್ಪು, ಪರಿಹಾರ ಮಾರುವವರು ತಮ್ಮ ಹೆಸರನ್ನೂ ಬಾಟಲಿಯೊಳಗಿನದನ್ನೂ ಹೇಳದಿರುವುದರಲ್ಲಿದೆ.

ಈ ಮೌನವನ್ನು ಕಲಿಸಿದವರು ತಾರೆಯರು. ಅರವತ್ತು ದಾಟಿದ ನಾಯಕನ ತಲೆ ಇಪ್ಪತ್ತೈದರ ನಾಯಕಿಯ ಜೊತೆ ಕುಣಿಯುವಾಗಲೂ ಕಾಡಿಗೆಯಷ್ಟು ಕಪ್ಪಾಗಿ, ಒತ್ತಾಗಿ ಇರುತ್ತದೆ. ಅದು ವಿಗ್ಗೋ, ಕಸಿಯೋ, ಮಾತ್ರೆಯೋ ಯಾರೂ ಹೇಳುವುದಿಲ್ಲ. ಹೇಳಲೇಬೇಕೆಂದೂ ಇಲ್ಲ, ಅವರ ತಲೆ ಅವರದು. ರಜನೀಕಾಂತ್ ಪರದೆಯ ಮೇಲೆ ವಿಗ್ ಧರಿಸಿ, ಸಭೆಗೆ ಬೋಳುತಲೆಯಲ್ಲೇ ಬರುತ್ತಾರೆ. ಅಭಿಮಾನಿಗಳು ಒಬ್ಬರೂ ಕಡಿಮೆಯಾಗಲಿಲ್ಲ. ಹೈದರಾಬಾದಿನಲ್ಲೇ ಬೆಳೆದ ಹರ್ಷ ಭೋಗ್ಲೆ, ಅವರಂತೆಯೇ ವೀರೇಂದ್ರ ಸೆಹ್ವಾಗ್, ಕೂದಲು ಹಾಕಿಸಿಕೊಂಡದ್ದನ್ನು ಜಾಹೀರಾತಿನಲ್ಲೇ ಒಪ್ಪಿದರು. ಅದು ಹಣಕ್ಕಾಗಿ ಆಡಿದ ಮಾತಾದರೂ ಏನನ್ನೋ ಮಾಡಿಸಿಕೊಂಡಿದ್ದಾರೆಂಬುದಾದರೂ ನೋಡುವವರಿಗೆ ತಿಳಿಯಿತು.

ಸಿನಿಮಾದವರು ಬೋಳುತಲೆಯ ಪರವಾಗಿ ಮಾತಾಡಿದ್ದೂ ಉಂಟು. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಮಾಡಿದಾಗ, ಮದುವೆಯಾಗದ ಬೋಳುತಲೆಯ ಕನ್ನಡ ಉಪನ್ಯಾಸಕನ ಪಾತ್ರದಲ್ಲಿ ತಾವೇ ನಿಂತರು, ತಮ್ಮದೇ ತಲೆ ಹೊತ್ತು. ಅದೇ ಕಥೆ 2019ರ ನವೆಂಬರಿನಲ್ಲಿ ‘ಉಜಡಾ ಚಮನ್’ ಆಗಿ ಹಿಂದಿಗೆ ಹೋಯಿತು. ಅದರ ಬೆನ್ನಿಗೇ ಅದೇ ವಿಷಯದ ‘ಬಾಲಾ’ ಬಂತು. ಎರಡರಲ್ಲೂ ನಾಯಕರು ತಲೆತುಂಬ ಕೂದಲಿದ್ದವರು, ಬೋಳನ್ನು ಮೇಕಪ್ಪಿನಲ್ಲಿ ಅಂಟಿಸಿಕೊಂಡವರು. ಬೋಳುತಲೆಯವನನ್ನು ಪ್ರೀತಿಸಿ ಎಂದು ಬೋಧಿಸುವ ಚಿತ್ರಗಳಿಗೂ ನಿಜವಾದ ಬೋಳುತಲೆಯ ನಾಯಕ ಬೇಡವಾಗಿದ್ದ.

ವೈದ್ಯಶಾಸ್ತ್ರ ಇಷ್ಟೊಂದು ಗುಟ್ಟು ಮಾಡುವುದಿಲ್ಲ ಎಂಬುದೇ ಇಲ್ಲಿಯ ತಮಾಷೆ. ಗಂಡಸರ ಸಾಮಾನ್ಯ ಬೋಳಿಗೆ ಕಾರಣ ವಂಶವಾಹಿ ಮತ್ತು ಟೆಸ್ಟೊಸ್ಟೆರಾನಿನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು. ಅದಕ್ಕೆ ಮಣಿದ ಬೇರುಗಳು ವರ್ಷ ವರ್ಷಕ್ಕೆ ಸಣ್ಣದಾಗುತ್ತವೆ. ಶಾಂಪೂ, ಹೆಲ್ಮೆಟ್, ಊರಿನ ಬೋರ್‌ವೆಲ್ ನೀರು, ಇವು ಯಾವುವೂ ಆ ಕೆಲಸ ಮಾಡುವುದಿಲ್ಲ. ಪರೀಕ್ಷೆಗೆ ನಿಂತ ಔಷಧಗಳಲ್ಲಿ ಮುಖ್ಯವಾದವು ಎರಡು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದನ್ನು ನೋಡಿ ಹಚ್ಚುವ ದ್ರವವಾಗಿಸಿದರು. 1988ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆಂದು ಬಂದ ಫಿನಾಸ್ಟೆರೈಡ್ 1997ರಲ್ಲಿ ಒಂದು ಮಿಲಿಗ್ರಾಂ ಮಾತ್ರೆಯಾಗಿ ಬೋಳಿಗೂ ಬಂತು. ಎರಡೂ ಇಲ್ಲಿಯ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ, ಕ್ಲಿನಿಕ್ಕಿನ ಪ್ಯಾಕೇಜಿನ ಮುಂದೆ ಅವುಗಳ ಬೆಲೆ ಏನೇನೂ ಅಲ್ಲ.

ಇವುಗಳ ಮಿತಿಯನ್ನೂ ಹೇಳಬೇಕು. ಪರಿಣಾಮ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮಿನಾಕ್ಸಿಡಿಲ್ ಶುರುಮಾಡಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು. ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟೆರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ವೈದ್ಯರನ್ನು ಕೇಳದೆ ನುಂಗುವ ಮಾತ್ರೆಯಲ್ಲ ಅದು. ಇಷ್ಟು ಷರತ್ತುಗಳಿರುವ ಸತ್ಯವನ್ನು ಫಲಕದ ಮೇಲೆ ಬರೆದರೆ ಯಾರು ನಿಂತು ಓದುತ್ತಾರೆ?

ಎಣ್ಣೆ ಮಾರುವವರಿಗೆ ದೇಹವೇ ಸಹಾಯ ಮಾಡುತ್ತದೆ. ಡೆಂಗಿ, ಟೈಫಾಯ್ಡ್, ಕೋವಿಡ್, ಹೆರಿಗೆ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರುತ್ತದೆ. ಬಹುತೇಕರಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಗಾಬರಿಯಾಗಿ ಎಣ್ಣೆ ಕೊಂಡವರಿಗೆ ಕೂದಲು ಬಂದಾಗ ಶ್ರೇಯಸ್ಸು ಎಣ್ಣೆಗೆ. ‘ನನಗೆ ಬಂತು’ ಎಂದು ಅವರು ಹೇಳುವುದು ಸುಳ್ಳಲ್ಲ. ಆ ಸತ್ಯವನ್ನೇ ಇನ್ನೊಬ್ಬರಿಗೆ ಮಾರಲಾಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದ ಕೂದಲು ತೆಳುವಾಗುವ ಹೆಂಗಸರಿಗಂತೂ ಮೊದಲು ಬೇಕಾದದ್ದು ರಕ್ತಪರೀಕ್ಷೆ, ಎಣ್ಣೆಯಲ್ಲ.

2025ರ ಏಪ್ರಿಲಿನಲ್ಲಿ ಹೈದರಾಬಾದಿನ ಹಳೆ ನಗರದ ಫತೇ ದರ್ವಾಜಾದಲ್ಲಿ ಜನ ಬಿಸಿಲಿನಲ್ಲಿ ಸಾಲು ನಿಂತರು. ದೆಹಲಿಯಿಂದ ಬಂದವನೊಬ್ಬ ತಲೆ ಬೋಳಿಸಿ ಏನೋ ದ್ರವ ಹಚ್ಚುತ್ತಿದ್ದ, ಕೂದಲು ಬರುತ್ತದೆ ಎನ್ನುತ್ತಿದ್ದ. ಆಮೇಲೆ ಹಲವರಿಗೆ ತಲೆ ಉರಿಯತೊಡಗಿತು. ಅದಕ್ಕೆ ಕೆಲವೇ ವಾರಗಳ ಹಿಂದೆ ಪಂಜಾಬಿನ ಸಂಗ್ರೂರಿನಲ್ಲಿ ಇಂಥದೇ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ ಹತ್ತಾರು ಮಂದಿ ಕಣ್ಣು ಕೆಂಪಾಗಿಸಿಕೊಂಡು ಆಸ್ಪತ್ರೆ ಸೇರಿದ್ದರು. ಆ ಸುದ್ದಿಯೂ ಹೈದರಾಬಾದಿನ ಸಾಲನ್ನು ಕರಗಿಸಲಿಲ್ಲ. ಹವಾನಿಯಂತ್ರಿತ ಕ್ಲಿನಿಕ್ಕುಗಳವರು ಇವರನ್ನು ಕಂಡು ನಗಬಾರದು. ಜುಬಿಲಿ ಹಿಲ್ಸ್‌ನ ಫಲಕದಲ್ಲೂ ಫತೇ ದರ್ವಾಜಾದಲ್ಲೂ ವಾಕ್ಯ ಒಂದೇ ಆಗಿತ್ತು, ಕಂತಿನ ಸೌಲಭ್ಯವೊಂದು ಇಲ್ಲಿರಲಿಲ್ಲ.

ಕೂದಲು ಕಸಿ ಮೋಸವಲ್ಲ. ಹಿಂದಲೆಯ ಬೇರುಗಳು ಡಿಎಚ್‌ಟಿಗೆ ಅಷ್ಟಾಗಿ ಬಗ್ಗುವುದಿಲ್ಲ, ಮುಂದಲೆಗೆ ನೆಟ್ಟರೂ ಅದೇ ಗುಣ ಉಳಿಸಿಕೊಳ್ಳುತ್ತವೆ. ಇದನ್ನು 1950ರ ದಶಕದಲ್ಲೇ ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ತೋರಿಸಿಕೊಟ್ಟರು. ಆದರೆ ಹಿಂದಲೆಯ ದಾಸ್ತಾನು ಸೀಮಿತ, ಒಮ್ಮೆ ಕಿತ್ತರೆ ಅಲ್ಲಿ ಮತ್ತೆ ಬೆಳೆಯದು. ಇಪ್ಪತ್ತೆರಡರ ಹುಡುಗನಿಗೆ ಮುಂದಲೆ ತುಂಬಿಸಿ ಕಳಿಸಿದರೆ, ಅವನ ನಲವತ್ತರಲ್ಲಿ ನೆಟ್ಟ ಸಾಲು ಮುಂದೆ ನಿಂತು ಅದರ ಹಿಂದಿನ ಬಯಲು ಅಗಲವಾಗುತ್ತದೆ. ‘ಈಗ ಬೇಡ, ಕಾಯಿ’ ಎನ್ನುವವರು ವೈದ್ಯರು. ತಿಂಗಳ ಗುರಿ ಮುಟ್ಟಬೇಕಾದ ಸಲಹೆಗಾರರ ಬಾಯಿಂದ ಆ ಮಾತು ಬರುವುದಿಲ್ಲ.

ಜೀವವೂ ಹೋಗುತ್ತದೆ. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡು ಸತ್ತವನು ಸ್ವತಃ ವೈದ್ಯಕೀಯ ವಿದ್ಯಾರ್ಥಿ. 2025ರಲ್ಲಿ ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳ ಸಾವಿನ ಪ್ರಕರಣ ಹೊರಬಂದಾಗ ಆರೋಪ ಬಂದದ್ದು ದಂತವೈದ್ಯೆಯೊಬ್ಬರ ಮೇಲೆ. ಇವುಗಳ ನಡುವೆ, 2022ರ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ಪಷ್ಟವಾಗಿ ಬರೆದಿತ್ತು: ಕೂದಲು ಕಸಿ ಶಸ್ತ್ರಕ್ರಿಯೆಯೇ, ತರಬೇತಿ ಪಡೆದ ನೋಂದಾಯಿತ ವೈದ್ಯರು ಮಾಡಬೇಕಾದದ್ದು, ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರಕ್ಕೆ ಹೋಗಿ ಕಲಿತರೆ ಸಾಲದು. ಆಯೋಗವೊಂದು ಯೂಟ್ಯೂಬಿನ ಹೆಸರೆತ್ತಿ ಎಚ್ಚರಿಸಬೇಕಾಗಿ ಬಂತು ಎಂದರೆ ಏನು ನಡೆಯುತ್ತಿತ್ತೆಂದು ಊಹಿಸಬಹುದು.

ಕಾನೂನಿಗೆ ಕೊರತೆಯಿಲ್ಲ. 1945ರ ಔಷಧ ನಿಯಮಗಳ ಜೆ ಪರಿಶಿಷ್ಟದಲ್ಲಿ, ವಾಸಿಮಾಡುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಿದೆ. ಬೋಳು ಅದರಲ್ಲಿ ಹೆಸರು ಹಿಡಿದೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಗೂ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮರುಕಳಿಸಿದರೆ ಐವತ್ತು ಲಕ್ಷ. ಆದರೂ ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಹೊಟ್ಟೆಪಾಡಿಗೆ ಮಾರುವ ಎಣ್ಣೆಯನ್ನು ಅನುಮಾನದಿಂದ ನೋಡುವ ನಾವು, ಅದೇ ಎಣ್ಣೆಯನ್ನು ಹೊಗಳಿ ರೀಲ್ಸ್ ಮಾಡಿ ಹೋದ ಮುಂಬೈಯ ಜನಪ್ರಿಯರನ್ನು ಏನೂ ಕೇಳುವುದಿಲ್ಲ.

ಕಸಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ರೋಗಿಯ ಹೆಸರಿಗೆ ಜಾಗವಿರುತ್ತದೆ. ಅದರ ಕೆಳಗೆ ಇನ್ನೊಂದು ಗೆರೆ ಎಳೆಸಿ, ಕೊರೆಯುವವರು ಯಾರು, ನೆಡುವವರು ಯಾರು, ಓದಿದ್ದೇನು, ನೋಂದಣಿ ಸಂಖ್ಯೆ ಎಷ್ಟು ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ನೋಂದಾಯಿತ ವೈದ್ಯರ ಪಟ್ಟಿ ಇದೆ, ಹೆಸರು ಹಾಕಿ ಹುಡುಕಬಹುದು. ಬರೆಯಲು ಒಪ್ಪದಿದ್ದರೆ ಮುಂಗಡ ವಾಪಸು ಕೇಳಿ ಹೊರಬರುವುದು.