ಹೊಳೆ ಹೊರುವ ಎಲೆ, ನಾವು ಹೊರಿಸುವ ಕೊಳೆ

ಮಳೆಗಾಲದಲ್ಲಿ ಕೆಂಪಗೆ ಹರಿಯುವ ಹೊಳೆಯನ್ನು ಕಂಡು ಮಣ್ಣು ಕೊಚ್ಚಿಹೋಗುತ್ತಿದೆಯೆಂದು ನಾವು ಮರುಗುವುದುಂಟು. ಆ ಮಣ್ಣಿನೊಡನೆ ಕಾಡಿನ ತರಗೆಲೆ, ಕಡ್ಡಿ, ತೊಗಟೆಗಳೂ ಸಾಗುತ್ತಿರುವುದನ್ನು ಗಮನಿಸುವವರು ವಿರಳ. ಮರವು ಗಾಳಿಯಿಂದ ಹೀರಿ ತನ್ನ ಒಡಲಲ್ಲಿ ಕೂಡಿಟ್ಟ ಇಂಗಾಲವೇ ಹೀಗೆ ಪ್ರಯಾಣ ಹೊರಡುತ್ತದೆ.

ನೀರಿಗೆ ಬಿದ್ದ ಎಲೆಯನ್ನು ಬೂಷ್ಟು ಮೆತ್ತಗಾಗಿಸುತ್ತದೆ. ಹುಳುಗಳು ಹರಿದು ತಿನ್ನುತ್ತವೆ. ಉಳಿದ ಚೂರು ಜೇಡಿಯ ಕಣಕ್ಕೆ ಅಂಟಿ ನೆರೆಯೊಡನೆ ಸಾಗುತ್ತದೆ. ದಾರಿಯಲ್ಲಿ ಕೊಳೆತದ್ದು ಗಾಳಿಗೆ ಮರಳುತ್ತದೆ. ಕಡಲನ್ನು ಸೇರಿ ಕೆಸರಿನಡಿ ಹುದುಗಿದ್ದು ಸಾವಿರಾರು ವರ್ಷ ಅಲ್ಲಿಯೇ ಉಳಿಯಬಲ್ಲದು. ಜಗತ್ತಿನ ನದಿಗಳು ವರ್ಷಕ್ಕೆ ಸುಮಾರು 20 ಕೋಟಿ ಟನ್ ಸಾವಯವ ಇಂಗಾಲವನ್ನು ಕಣರೂಪದಲ್ಲಿ ಸಮುದ್ರಕ್ಕೆ ಒಯ್ಯುತ್ತವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ನಮ್ಮ ಮಲೆನಾಡಿನ ಎಲೆಗೆ ಈ ದಾರಿ ಈಗ ಸುಗಮವಾಗಿಲ್ಲ. 1953ರಲ್ಲಿ ನೀರು ತುಂಬಿಕೊಂಡ ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು 133 ಟಿ.ಎಂ.ಸಿ. ಇದ್ದುದು, ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳೂ ಹೂಳನ್ನು ತಡೆಯುತ್ತವೆ. ನಿಂತ ನೀರಿನ ತಳದಲ್ಲಿ ಪ್ರಾಣವಾಯುವಿಲ್ಲದೆ ಕೊಳೆತ ಎಲೆ ಮೀಥೇನ್ ಅನಿಲವನ್ನೂ ಹುಟ್ಟಿಸುತ್ತದೆ. ಅಣೆಕಟ್ಟೇ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಕೊಟ್ಟ ಅನ್ನದ ಬೆಲೆಯನ್ನು ಅರಿತಿರಬೇಕೆಂಬುದಷ್ಟೇ ನಮ್ಮ ಮಾತು.

ತಾರ್ನಾಕದಲ್ಲಿ ನೆಲೆಸಿರುವ ನಮಗೆ ಸಮೀಪದ ನದಿ ಮೂಸಿ. ಅದು ಅನಂತಗಿರಿಯಲ್ಲಿ ಹುಟ್ಟಿ, ಹೈದರಾಬಾದನ್ನು ಹಾದು, ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಮ್ಮನ್ನು ಹೆತ್ತ ನಾಡಿನ ನೀರೂ ನಮಗೆ ಅನ್ನವಿಕ್ಕಿದ ಊರಿನ ನೀರೂ ಒಂದಾಗುವುದು ಅಲ್ಲಿಯೇ. ಆ ಸಂಗಮಕ್ಕೆ ನಾವು ಕಳುಹುತ್ತಿರುವುದೇನು? ಮುಸುರೆ, ಜಿಡ್ಡು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಎಂಜಲೆಲೆ! ಕಾಡಿನ ಎಲೆಯನ್ನು ಅರಗಿಸಬಲ್ಲ ನದಿಯು ಮಹಾನಗರವೊಂದರ ಎಂಜಲನ್ನು ಅರಗಿಸಲಾರದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಪ್ರಾಣವಾಯುವನ್ನೆಲ್ಲ ಬಳಸಿಬಿಡುತ್ತವೆ. ಮೀನು ಸಾಯುತ್ತದೆ, ನೀರು ನಾರುತ್ತದೆ.

ಕೊಳೆನೀರಿನ ಶುದ್ಧೀಕರಣ ಸರ್ಕಾರದ ಹೊಣೆ, ನಿಜ. ಆದರೆ ಬಾಳೆಲೆಯನ್ನೂ ತರಕಾರಿಯ ಸಿಪ್ಪೆಯನ್ನೂ ಚರಂಡಿಗೆ ಬೀಳದಂತೆ ಬೇರೆಯಿಡುವುದು ಹೋಟೆಲಿನ ಅಡಿಗೆಮನೆಯಲ್ಲಿಯೇ ಆಗಬೇಕಾದ ಕೆಲಸ. ಅದಕ್ಕೆ ಬೇಕಾದ ತೊಟ್ಟಿಯನ್ನೂ ವೇಳೆಯನ್ನೂ ಮಾಲೀಕರು ಒದಗಿಸಬೇಕು. ದುಡಿದು ದಣಿದ ನೌಕರರ ಮೇಲೆಯೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಕಚೇರಿಗೆ ಹೋಗುವ ಬಂಧುಗಳು ತಮ್ಮ ಬೀದಿಯ ತರಗೆಲೆಗೆ ಬೆಂಕಿಯಿಡುವುದನ್ನು ತಡೆಯಲಿ. ಮರವು ತಿಂಗಳುಗಟ್ಟಲೆ ಕೂಡಿಟ್ಟದ್ದು ಕ್ಷಣದಲ್ಲಿ ಹೊಗೆಯಾಗುವುದಕ್ಕಿಂತ ಮರದ ಬುಡದಲ್ಲಿಯೇ ಗೊಬ್ಬರವಾಗುವುದು ಲೇಸು. ಈ ಕಾರ್ಯವನ್ನು ಬರುವ ಮಳೆಗಾಲಕ್ಕೆ ಮುನ್ನವೇ ಕೈಗೊಳ್ಳಬೇಕೆಂದು ನಮ್ಮ ಬಿನ್ನಹ.