“ಪೂರ್ತಿ ವಾಸಿಯಾಗಲಿ” ಎನ್ನುವವರಿಗೆ



“ಆ ತಲೆಕೆಟ್ಟವರ ಸಹವಾಸ ಮತ್ತೆ ನಿಮಗೇಕೆ ಮೇಷ್ಟ್ರೇ?” ಈ ಬುದ್ಧಿಮಾತನ್ನು ಕಳೆದ ಒಂದು ತಿಂಗಳಿನಿಂದ ಫೋನಿನಲ್ಲಿಯೂ ಮದುವೆಮನೆಯ ಪಂಕ್ತಿಯಲ್ಲಿಯೂ ಕೇಳುತ್ತಿದ್ದೇನೆ. ಹೇಳುವವರೆಲ್ಲ ನನ್ನ ಹಿತೈಷಿಗಳೇ. ಆದರೂ ನಾನಿದನ್ನು ಒಪ್ಪಲಾರೆ.

ನನ್ನೊಡನೆ ಹದಿನೇಳು ವರ್ಷ ಗಣಿತ ಕಲಿಸಿದ ಗೆಳೆಯನ ವಿಷಯವಿದು. ಅವನಿಗಿರುವುದು ಬೈಪೋಲಾರ್ ಕಾಯಿಲೆ. ಕೆಲವು ಕಾಲ ಉನ್ಮಾದ, ಕೆಲವು ಕಾಲ ಖಿನ್ನತೆ. ನಡುವೆ ನಮ್ಮ ನಿಮ್ಮಂತೆಯೇ ಇರುವ ಅವಧಿ. ಉನ್ಮಾದದ ದಿನಗಳಲ್ಲಿ ಅವನು ನಿದ್ದೆ ಬಿಟ್ಟ, ಸಾಲ ಮಾಡಿ ದಾನ ಮಾಡಿದ, ಶಿಕ್ಷಕರ ಸಂಘದ ಹಣವನ್ನು ನಾನು ನುಂಗಿದೆನೆಂದು ಎಲ್ಲರೆದುರು ಕೂಗಿದ. ಆ ನೋವು ಸುಳ್ಳಲ್ಲ. ಆಗ ದೂರ ಸರಿದದ್ದು ಸರಿಯೆಂದೇ ಇಂದಿಗೂ ಭಾವಿಸುತ್ತೇನೆ. ಒಂಬತ್ತು ವರ್ಷಗಳ ಮೇಲೆ ಅವನು ಕಾಗದ ಬರೆದಿದ್ದಾನೆ. ಆ ದೂರಕ್ಕೆ ಕೊನೆಯುಂಟೇ ಎಂಬುದು ಈಗಿನ ಪ್ರಶ್ನೆ.

ನಿಮ್ಮ ಮೊದಲ ವಾದ: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೇ ಕಲಿಸಿದ ಗಾದೆಯನ್ನು ನನಗೇ ಒಪ್ಪಿಸಿದ್ದೀರಿ, ಸಂತೋಷ! ಆದರೆ ಅದು ತೂಗಿ ಆಡಬಲ್ಲವನಿಗೆ ಹೇಳಿದ ಮಾತು. ಜ್ವರ ನೆತ್ತಿಗೇರಿದಾಗ ಬಡಬಡಿಸಿದ್ದನ್ನು ಯಾರೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಉನ್ಮಾದದ ಮಾತಿಗೆ ಮಾತ್ರ ಜೀವಾವಧಿ ಶಿಕ್ಷೆ ಏಕೆ? ಕಾಯಿಲೆಯ ಹೆಸರಿನಲ್ಲಿ ಎಲ್ಲವೂ ಕ್ಷಮ್ಯವೆಂದು ನಾನು ವಾದಿಸುತ್ತಿಲ್ಲ. ಅವನೂ ವಾದಿಸಿಲ್ಲ. ಆ ದಿನದ ಮಾತನ್ನೇ ನೆನೆದು ಕ್ಷಮೆ ಕೇಳಿದ್ದಾನೆ. ಆರೋಗ್ಯವಂತರಲ್ಲಿ ಎಷ್ಟು ಜನ ಹಾಗೆ ಕೇಳುತ್ತಾರೆ?

ಎರಡನೆಯ ವಾದ ಹೆಚ್ಚು ಸಭ್ಯವಾದದ್ದು: “ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ.” ಇದು ಮಧುಮೇಹದಂತೆ ಸಾಮಾನ್ಯವಾಗಿ ದೀರ್ಘಕಾಲ ಹತೋಟಿಯಲ್ಲಿಡಬೇಕಾದ ಕಾಯಿಲೆ. 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ಪ್ರಕಟಿಸಿದರು. ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಔಷಧಗಳಲ್ಲೊಂದು. ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ವರ್ಷಾನುಗಟ್ಟಲೆ ಸೇವಿಸಬೇಕು. ಇಂಥವನಿಗೆ ಪೂರ್ತಿ ವಾಸಿಯಾದ ಮೇಲೆ ಬಾ ಎಂದರೆ ಎಂದೂ ಬರಬೇಡ ಎಂದೇ ಅರ್ಥ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯಿದೆಯಲ್ಲ! ಮದುವೆಯಿಂದ ಕಾಯಿಲೆ ಹೋಗುವುದೆಂಬುದು ಸುಳ್ಳು. ಆದರೆ ಆ ಗಾದೆ ಅಣಕಿಸುವ ಸುತ್ತು ಮಾತ್ರ ನಿಜ. ನಿಮ್ಮ ಷರತ್ತೂ ಅಂಥದೇ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ಇರಲಿಲ್ಲ. ಆಸ್ಪತ್ರೆಯ ದೂರ, ಖರ್ಚುಗಳ ಜೊತೆಗೆ “ಮೆಂಟಲ್” ಎಂಬ ಬಿರುದಿನ ಭಯವೂ ಜನರನ್ನು ತಡೆಯುತ್ತದೆ. ಆ ಬಿರುದನ್ನು ದಯಪಾಲಿಸುವವರು ಯಾರು? 2017ರ ಮಾನಸಿಕ ಆರೋಗ್ಯ ಕಾಯ್ದೆ ಇವರಿಗೆ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಆದರೆ ಕಾಫಿಗೆ ಬಾ ಎಂದು ಕರೆಯುವಂತೆ ಯಾವ ಕಾಯ್ದೆಯೂ ನಮಗೆ ಆಜ್ಞಾಪಿಸಲಾರದು.

ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಹೋಗುತ್ತಿಲ್ಲ. ಎರಡು ಕರಾರು ಬರೆದು ಕಳುಹಿಸಿದೆ. ನಮ್ಮ ನಡುವೆ ಹಣದ ವ್ಯವಹಾರ ಕೂಡದು. ನಿದ್ದೆ ಕಡಿಮೆಯಾಗಿ ಮಾತು ಓಡತೊಡಗಿದರೆ ಅದು ಉನ್ಮಾದದ ಮುನ್ಸೂಚನೆ. ಆಗ ನಾನು ಅವನ ಹೆಂಡತಿಗೆ ತಿಳಿಸುವೆ, ಅವನು ಮುನಿಯಬಾರದು. ಎರಡಕ್ಕೂ ಒಪ್ಪಿದ್ದಾನೆ. ಅವನ ಕಾಯಿಲೆ ಮತ್ತೆ ಮರುಕಳಿಸಬಹುದು, ನನಗೆ ಮತ್ತೆ ನೋವಾಗಬಹುದು. ಅದನ್ನು ಬಲ್ಲೆ. ಬಲ್ಲೆನಾದ್ದರಿಂದಲೇ ಕರಾರು. ಮುಂದಿನ ಭಾನುವಾರ ಹೋಗುತ್ತೇನೆ.

ನಿಮ್ಮ ಮನೆಗಳಲ್ಲಿಯೂ ಇಂಥ ಸಂಕಟವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲಿಯೂ ಲಭ್ಯ. ಇನ್ನೊಂದು ಮಾತು. ನಿಮ್ಮಲ್ಲಿ ಅನೇಕರಿಗೆ ಪೈಥಾಗೊರಸನ ಪ್ರಮೇಯ ತಲೆಗೆ ಹತ್ತಿದ್ದು ಈ “ತಲೆಕೆಟ್ಟವ”ನಿಂದಲೇ. ಅವನ ವಿಳಾಸ ಬೇಕಾದವರು ಬರೆಯಿರಿ. ಅವನನ್ನು ಕೇಳಿ ಕೊಡುತ್ತೇನೆ.